ಬಿಸಿ ಸಾಗಿಸುವ ಕೆಲಸ

ಪಾಲಿಎಥಿಲೀನ್ ರಿಯಾಕ್ಟರಿನಿಂದ ಗಂಟೆಗೆ ಎಷ್ಟು ಟನ್ ಮಾಲು ಬರುತ್ತದೆ ಎಂಬುದು, ಅದರೊಳಗೆ ಹುಟ್ಟುವ ಬಿಸಿಯನ್ನು ಎಷ್ಟು ಬೇಗ ಹೊರಗೆ ಸಾಗಿಸಬಲ್ಲೆವು ಎಂಬುದರ ಮೇಲೆ ನಿಂತಿದೆ. ಒಂದು ಕಿಲೋ ಎಥಿಲೀನ್ ಪಾಲಿಮರ್ ಆಗುವಾಗ ಸುಮಾರು 800 ಕಿಲೋಕ್ಯಾಲರಿ ಶಾಖ ಬಿಡುತ್ತದೆ. ಗಂಟೆಗೆ 30 ಟನ್ ಎಂದರೆ ಹತ್ತಿರ ಹತ್ತಿರ 28 ಮೆಗಾವ್ಯಾಟ್, ಹಗಲೂ ರಾತ್ರಿ. ಗುಜರಾತಿನ ಕಡಲತೀರದ ಒಂದು ಗ್ಯಾಸ್ ಫೇಸ್ ಪ್ಲಾಂಟಿನಲ್ಲಿ ಪ್ರೊಸೆಸ್ ಎಂಜಿನಿಯರ್ ಆಗಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಈ ಬಿಸಿಯ ಬೆನ್ನುಹತ್ತಿಯೇ.

ರಿಯಾಕ್ಟರಿನೊಳಗೆ ಇರುವುದು ಪಾಲಿಮರ್ ಪುಡಿಯ ಬೆಡ್. ಕೆಳಗಿನ ತೂತಿನ ತಟ್ಟೆಯಿಂದ ಗ್ಯಾಸ್ ನುಗ್ಗಿ ಬಂದಾಗ ಪುಡಿಯೆಲ್ಲ ಒಲೆಯ ಮೇಲಿನ ಗಂಜಿಯಂತೆ ಕುದಿಯುತ್ತಿರುತ್ತದೆ. ಒಂದು ಸುತ್ತಿಗೆ ಗ್ಯಾಸಿನ ನೂರರಲ್ಲಿ ಎರಡರಿಂದ ಐದು ಪಾಲು ಮಾತ್ರ ಪಾಲಿಮರ್ ಆಗುತ್ತದೆ. ಉಳಿದದ್ದು ಮೇಲಿಂದ ಹೊರಟು, ಕಂಪ್ರೆಸರ್ ಮತ್ತು ಕೂಲರ್ ದಾಟಿ, ತಣ್ಣಗಾಗಿ ಮತ್ತೆ ಕೆಳಗಿನಿಂದ ಒಳಬರುತ್ತದೆ. ಬಿಸಿ ಹೊರಹೋಗಲು ಇರುವ ದಾರಿ ಇದೊಂದೇ. ಬೆಡ್ 80–90 ಡಿಗ್ರಿಯಲ್ಲಿ ಓಡುತ್ತಿದ್ದರೆ, ಪುಡಿ ಅಂಟಂಟಾಗುವ ಉಷ್ಣತೆ ಅದಕ್ಕಿಂತ ಬಹಳ ಮೇಲೇನೂ ಇರುವುದಿಲ್ಲ.

ನಮಗೆ ಕಷ್ಟ ಕೊಡುತ್ತಿದ್ದದ್ದು ಮೇ, ಜೂನ್. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಕೂಲಿಂಗ್ ಟವರಿಗೆ ನೀರನ್ನು ತಣಿಸುವ ಶಕ್ತಿ ಕುಗ್ಗುತ್ತದೆ. ಕೂಲಿಂಗ್ ವಾಟರ್ ವಾಲ್ವ್ ಪೂರ್ತಿ ತೆರೆದುಕೊಂಡಿದ್ದರೂ ಸ್ಕ್ರೀನಿನಲ್ಲಿ ಬೆಡ್ ಉಷ್ಣತೆಯ ಗೆರೆ ಸಪಾಟಾಗಿ, ನೋಡಲು ಚಂದವಾಗಿಯೇ ಇರುತ್ತದೆ. ಆದರೆ ಆ ಹೊತ್ತಿಗೆ ಕಂಟ್ರೋಲರಿನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಉಷ್ಣತೆ ಏರಿದರೆ ರಿಯಾಕ್ಷನ್ ಜೋರಾಗುತ್ತದೆ, ಜೋರಾದರೆ ಉಷ್ಣತೆ ಇನ್ನೂ ಏರುತ್ತದೆ. ಆಗ ರಿಯಾಕ್ಷನ್ ನಡೆಸುವ ಕ್ಯಾಟಲಿಸ್ಟ್ ಹಾಕುವುದನ್ನು ನಿಲ್ಲಿಸಿದರೂ ಒಳಗಿರುವ ಕ್ಯಾಟಲಿಸ್ಟ್ ಗಂಟೆಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ಬೆಡ್ ಉಷ್ಣತೆಗಿಂತ ಮೊದಲು ನಾನು ನೋಡುವುದು ವಾಲ್ವ್ ಎಷ್ಟು ತೆರೆದಿದೆ ಎಂಬುದನ್ನು.

ಈ ಇಕ್ಕಟ್ಟಿಗೆ ಪರಿಹಾರ ಹಳೆಯದೇ. ಯೂನಿಯನ್ ಕಾರ್ಬೈಡ್ ಕಂಪನಿ 1968ರಲ್ಲಿ ಅಮೆರಿಕದ ಟೆಕ್ಸಾಸಿನ ಸೀಡ್ರಿಫ್ಟ್‌ನಲ್ಲಿ ಈ ಬಗೆಯ ಪ್ಲಾಂಟ್ ಶುರುಮಾಡಿತು. 1980ರ ದಶಕದಲ್ಲಿ ಅದೇ ಕಂಪನಿ ಸುತ್ತುಗ್ಯಾಸನ್ನು ಡ್ಯೂ ಪಾಯಿಂಟಿಗಿಂತ, ಅಂದರೆ ಅದು ದ್ರವವಾಗತೊಡಗುವ ಉಷ್ಣತೆಗಿಂತ, ಕೆಳಕ್ಕೆ ತಣಿಸಿ, ಒಂದಿಷ್ಟು ದ್ರವದ ಜೊತೆಗೇ ರಿಯಾಕ್ಟರಿಗೆ ಬಿಡುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಐಸೋಪೆಂಟೇನಿನಂಥ ಸುಲಭವಾಗಿ ದ್ರವವಾಗುವ ವಸ್ತುವನ್ನು ಗ್ಯಾಸಿಗೆ ಸೇರಿಸಿದರೆ ಆ ದ್ರವ ಬೆಡ್‌ನಲ್ಲಿ ಆವಿಯಾಗುತ್ತ ಶಾಖ ಹೀರುತ್ತದೆ. ತೂಕದಲ್ಲಿ ನೂರಕ್ಕೆ ಹತ್ತು ಪಾಲು ದ್ರವವಿದ್ದರೆ, ನನ್ನ ಸ್ಥೂಲ ಲೆಕ್ಕದಲ್ಲಿ, ಒಣ ಗ್ಯಾಸ್ ಒಯ್ಯುವುದಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಶಾಖ ಹೊರಗೆ ಹೋಗುತ್ತದೆ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಪಾಲಿಪ್ರೊಪಿಲೀನ್ ಘಟಕದ ನೊವೊಲೆನ್ ರಿಯಾಕ್ಟರಿನಲ್ಲೂ ಪುಡಿಯನ್ನು ಕಲಕುತ್ತ, ದ್ರವ ಪ್ರೊಪಿಲೀನನ್ನು ಆವಿಯಾಗಿಸಿಯೇ ಬಿಸಿ ತೆಗೆಯುತ್ತಾರೆ.

ಸ್ವಲ್ಪ ದ್ರವದಿಂದ ಶುರುಮಾಡಿ ನಿಧಾನವಾಗಿ ಏರಿಸುವುದೇ ಸುರಕ್ಷಿತ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅರ್ಧಂಬರ್ಧ ಒದ್ದೆಯಾದ ಸ್ಥಿತಿಯೇ ಎಲ್ಲಕ್ಕಿಂತ ಕೆಟ್ಟದ್ದು. ಗ್ಯಾಸಿನ ಜೊತೆ ಹಾರಿಬರುವ ನುಣ್ಣನೆಯ ಪುಡಿ ಆ ಅಲ್ಪ ದ್ರವದಲ್ಲಿ ಕೆಸರಾಗಿ ಕೂಲರ್ ಟ್ಯೂಬುಗಳಿಗೆ, ತಟ್ಟೆಯ ತೂತುಗಳಿಗೆ ಮೆತ್ತಿಕೊಳ್ಳುತ್ತದೆ. ದ್ರವ ಸಾಕಷ್ಟಿದ್ದರೆ ಅದೇ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ಆ ಹಂತವನ್ನು ಚುರುಕಾಗಿ ದಾಟಬೇಕು. ತಟ್ಟೆಯ ಕೆಳಗೂ ಮೇಲೂ ಇರುವ ಒತ್ತಡದ ವ್ಯತ್ಯಾಸ ಏರುತ್ತಿದೆಯೇ ಎಂದು ಶಿಫ್ಟಿನ ಉದ್ದಕ್ಕೂ ನೋಡುತ್ತಿರಬೇಕು.

ಐಸೋಪೆಂಟೇನ್ ಬಿಸಿಯನ್ನು ಹೊತ್ತುಹೋಗುವ ಕೂಲಿ ಮಾತ್ರ ಎಂದುಕೊಂಡರೆ ರಿಯಾಕ್ಟರ್ ಅರ್ಥವಾಗುವುದಿಲ್ಲ. ಅದು ಪಾಲಿಮರ್ ಕಣದೊಳಗೇ ಕರಗುತ್ತದೆ. ಕರಗಿದಾಗ ಕಣ ಮೆತ್ತಗಾಗಿ, ಅಂಟುವ ಉಷ್ಣತೆ ಕೆಳಗಿಳಿಯುತ್ತದೆ. ಜೊತೆಗೆ ಎಥಿಲೀನ್ ಕೂಡ ಕಣದೊಳಗೆ ಹೆಚ್ಚು ಇಳಿಯುವಂತೆ ಮಾಡುತ್ತದೆ. ಕ್ಯಾಟಲಿಸ್ಟಿಗೆ ಹೆಚ್ಚು ಎಥಿಲೀನ್ ಸಿಕ್ಕರೆ ರಿಯಾಕ್ಷನ್ ಏರುತ್ತದೆ, ಬಿಸಿಯೂ ಏರುತ್ತದೆ. ತಣಿಸಲು ಹಾಕಿದ್ದೇ ಒಂದಿಷ್ಟು ಬಿಸಿಯನ್ನೂ ತರುತ್ತದೆ ಎಂಬುದನ್ನು ಒಪ್ಪಿಕೊಂಡ ಮೇಲೆಯೇ ನಮ್ಮ ಲೆಕ್ಕಗಳು ಪ್ಲಾಂಟಿಗೆ ಹೊಂದತೊಡಗಿದವು. ಎಥಿಲೀನಿನ ಜೊತೆ ಸೇರಿಸುವ ಬ್ಯುಟೀನ್, ಹೆಕ್ಸೀನ್ ಹೆಚ್ಚಿರುವ ಮೃದು ಫಿಲ್ಮ್ ಗ್ರೇಡುಗಳಲ್ಲಿ ಈ ಅಪಾಯ ಇಮ್ಮಡಿ. ಗಟ್ಟಿ ಗ್ರೇಡಿಗೆ ಒಗ್ಗಿದ ಐಸೋಪೆಂಟೇನ್ ಮಟ್ಟವನ್ನೇ ಇಟ್ಟುಕೊಂಡು ಮೃದು ಗ್ರೇಡಿಗೆ ಹೋಗುವುದನ್ನು ನಾವು ನಿಲ್ಲಿಸಿದೆವು. ಬೆಡ್ ಉಷ್ಣತೆಗೊಂದು ಮಿತಿ, ಐಸೋಪೆಂಟೇನಿಗೊಂದು ಮಿತಿ ಎಂದು ಬೇರೆ ಬೇರೆ ಬರೆಯುವ ಬದಲು, ಗ್ರೇಡಿನ ಸಾಂದ್ರತೆಯನ್ನೂ ಸೇರಿಸಿ ಮೂರನ್ನೂ ಒಂದೇ ನಕ್ಷೆಯಲ್ಲಿ ತಂದೆವು. ಪ್ಯಾನೆಲ್ ಆಪರೇಟರುಗಳು ಅದನ್ನು ಬೇಗ ಹಿಡಿದರು. ನಿಜ ಹೇಳಬೇಕೆಂದರೆ, ಆಫೀಸಿನಲ್ಲಿ ಕುಳಿತವರಿಗಿಂತ ಬೇಗ.

ಹೊರಗೆ ಬಂದ ಪುಡಿಯಲ್ಲೂ ಐಸೋಪೆಂಟೇನ್ ಉಳಿದಿರುತ್ತದೆ. ಪರ್ಜ್ ಬಿನ್ನಿನಲ್ಲಿ ನೈಟ್ರೋಜನ್ ಹಾಯಿಸಿ ಅದನ್ನು ಬಿಡಿಸದಿದ್ದರೆ ಮುಂದಿನ ಸೈಲೋದಲ್ಲಿ ಬೆಂಕಿ ಕಾದಿರುತ್ತದೆ. ಉತ್ಪಾದನೆ ಏರಿಸುವ ಉತ್ಸಾಹದಲ್ಲಿ ಈ ಬಿನ್ನನ್ನು ಮರೆಯುವುದು ಸಲ್ಲದು.

ಇನ್ನು ಗೋಡೆ. ಕಣಗಳ ತಿಕ್ಕಾಟದಿಂದ ಸ್ಥಾಯೀವಿದ್ಯುತ್ ಹುಟ್ಟಿ, ಕ್ಯಾಟಲಿಸ್ಟ್ ಇರುವ ಪುಡಿ ಗೋಡೆಗೆ ಅಂಟುತ್ತದೆ. ಅಲ್ಲಿ ಅದನ್ನು ತಣಿಸುವ ಗ್ಯಾಸ್ ಇಲ್ಲ, ರಿಯಾಕ್ಷನ್ ಮಾತ್ರ ಇದೆ. ಕರಗಿ ಒಂದಾಗಿ ಶೀಟ್ ಆಗುತ್ತದೆ, ಕಳಚಿ ಬಿದ್ದು ಹೊರದಾರಿಯನ್ನು ಕಟ್ಟುತ್ತದೆ. ಗೋಡೆಯ ಥರ್ಮೋಕಪಲ್ ಸಾಮಾನ್ಯವಾಗಿ ಬೆಡ್ ಉಷ್ಣತೆಯಷ್ಟೇ ಅಥವಾ ತುಸು ಕಡಿಮೆ ತೋರಿಸುತ್ತದೆ. ಅದು ಬೆಡ್ಡನ್ನು ಮೀರಿ ಚಿಮ್ಮಿದರೆ ಶೀಟ್ ಹುಟ್ಟಿದೆ ಎಂದೇ ತಿಳಿಯಬೇಕು. ಸ್ಟಾಟಿಕ್ ಪ್ರೋಬ್ ಮತ್ತು ಗೋಡೆಯ ಉಷ್ಣತೆ, ಎರಡನ್ನೂ ಒಂದೇ ಪರದೆಯಲ್ಲಿ ಪಕ್ಕಪಕ್ಕದಲ್ಲಿ ಹಾಕಿಸಿದ್ದು ನಾವು ಮಾಡಿದ ಅತ್ಯಂತ ಅಗ್ಗದ, ಅತ್ಯಂತ ಉಪಯೋಗದ ಸುಧಾರಣೆ.

ಕರೆಂಟು ಹೋಗಿ ಕಂಪ್ರೆಸರ್ ನಿಂತರೆ ಇದ್ಯಾವುದಕ್ಕೂ ಸಮಯವಿಲ್ಲ. ಬೆಡ್ ಕುಸಿದು ಕೂರುತ್ತದೆ, ಬಿಸಿಗೆ ದಾರಿ ಮುಚ್ಚುತ್ತದೆ, ಪುಡಿಯೆಲ್ಲ ಒಂದೇ ಗಡ್ಡೆಯಾಗುತ್ತದೆ. ಅದನ್ನು ಒಡೆದು ತೆಗೆಯಲು ಮನುಷ್ಯರು ಒಳಗಿಳಿಯಬೇಕು. ಹಾಗಾಗದಂತೆ ತಡೆಯಲು ಇರುವ ಉಪಾಯ ಕಿಲ್, ಅಂದರೆ ಕಾರ್ಬನ್ ಮೊನಾಕ್ಸೈಡ್ ಬಿಟ್ಟು ಕ್ಯಾಟಲಿಸ್ಟನ್ನು ನಿಷ್ಕ್ರಿಯಗೊಳಿಸುವುದು. ಉತ್ಪಾದನೆ ನಷ್ಟವಾಗುತ್ತದೆಂದು ಹಿರಿಯರ ಫೋನಿಗಾಗಿ ಕಾಯುವ ಪದ್ಧತಿ ಇರಬಾರದು. ಈ ಅಧಿಕಾರ ಪ್ಯಾನೆಲ್ ಮುಂದೆ ಕುಳಿತವರಿಗೇ ಇರಬೇಕು ಎಂದು ನಾನು ಪಟ್ಟುಹಿಡಿದು ಬರೆಸಿದೆ. ಹೊಸಬರು ಸೇರಿದಾಗ ಕಂಟ್ರೋಲ್ ರೂಮಿಗಿಂತ ಮೊದಲು ಅವರನ್ನು ಕಿಲ್ ಸಿಲಿಂಡರುಗಳ ಬಳಿ ಕರೆದೊಯ್ದು, ಗೇಜಿನ ಒತ್ತಡ ಓದಿಸಿ, ಲಾಗ್‌ಬುಕ್ಕಿನಲ್ಲಿ ಅವರ ಕೈಯಿಂದಲೇ ಬರೆಸುತ್ತೇನೆ.