ಜೈಲಿನಲ್ಲಿರುವ ಬರಹಗಾರರಿಗಾಗಿ ಒಂದು ಕಾಗದ

ಕಾಗದ ಬರೆದರೆ ಜೈಲಿನ ಬಾಗಿಲು ತೆರೆಯುತ್ತದೆಯೇ ಎಂದು ನಗುವವರಿದ್ದಾರೆ. ನಗಲಿ. ಸೌದಿಯ ಬ್ಲಾಗರ್ ರೈಫ್ ಬದಾವಿ 2012ರಲ್ಲಿ ಜೈಲು ಸೇರಿದರು. 10 ವರ್ಷ ಸೆರೆ, 10 ಲಕ್ಷ ರಿಯಾಲ್ ದಂಡ, 1,000 ಛಡಿಯೇಟು. 2015ರ ಜನವರಿ 9ರ ಶುಕ್ರವಾರ ಜೆಡ್ಡಾದ ಮಸೀದಿಯೊಂದರ ಮುಂದೆ ಮೊದಲ 50 ಏಟು ಬಿದ್ದವು. ಲೋಕವೆಲ್ಲ ಗದ್ದಲವೆದ್ದಿತು. ಮುಂದಿನ ಶುಕ್ರವಾರ ಗಾಯ ಮಾಗಿಲ್ಲವೆಂದು ವೈದ್ಯರು ತಡೆದರು. ಆಮೇಲೆ ಮುಂದೂಡುತ್ತಲೇ ಹೋದರು. ಅತ್ತ ಕೆನಡಾದ ಶೆರ್‌ಬ್ರೂಕ್‌ನಲ್ಲಿ ಅವರ ಪತ್ನಿ ಎನ್ಸಾಫ್ ಹೈದರ್ ಜೊತೆ ಊರವರು ಬದಾವಿಯ ಬಿಡುಗಡೆಗಾಗಿ ಪ್ರತಿ ಶುಕ್ರವಾರ ಸೇರುತ್ತಿದ್ದರು. ಇಂಥವರಿಗಾಗಿ ನೀವೂ ಕಾಗದ ಬರೆಯಬಹುದು, ಹೀಗೆ.

ಹಂತ 1: ಒಂದೇ ಹೆಸರು ಹಿಡಿಯಿರಿ. ಮಾನವಹಕ್ಕು ಸಂಸ್ಥೆ ಆಮ್ನೆಸ್ಟಿ, ಬರಹಗಾರರ ಸಂಘಟನೆ ಪೆನ್ ಇಂಟರ್‌ನ್ಯಾಷನಲ್‌ನಂಥ ಕಡೆ ಜೈಲಿನಲ್ಲಿರುವ ಬರಹಗಾರರ ಹೆಸರು ಸಿಗುತ್ತವೆ. ಆ ವ್ಯಕ್ತಿ ಈಗಲೂ ಒಳಗಿದ್ದಾರೆಯೇ, ಮನೆಯವರಿಗೆ ಪ್ರಚಾರ ಬೇಕೇ ಎಂದು ಮೊದಲು ನೋಡಿ. ಸದ್ದಿಲ್ಲದೆ ಬಿಡಿಸಿಕೊಳ್ಳಲು ಓಡಾಡುವ ಕುಟುಂಬಗಳೂ ಉಂಟು.

ಹಂತ 2: ಅವರನ್ನು ಸೆರೆಯಲ್ಲಿಟ್ಟ ದೇಶದ ಅಧಿಕಾರಿಗೆ ಬರೆಯಿರಿ. ಇಲ್ಲೇ ಹೆಚ್ಚಿನವರು ಎಡವುವುದು: ಆವೇಶ ಬಂದು ಆ ದೇಶವನ್ನೂ ಧರ್ಮವನ್ನೂ ಸೇರಿಸಿ ಬೈದುಬಿಡುತ್ತಾರೆ. ಅಂಥದ್ದು ನೇರ ಕಸದ ಬುಟ್ಟಿಗೆ. ಬ್ಯಾಂಕ್ ಮ್ಯಾನೇಜರಿಗೆ ಬರೆದಷ್ಟು ತಣ್ಣಗೆ ಬರೆಯಿರಿ. 'ಮಾನ್ಯರೇ' ಎಂದು ಶುರುಮಾಡಿ, ಕೈದಿಯ ಪೂರ್ತಿ ಹೆಸರು, ಜೈಲು, ಶಿಕ್ಷೆ, ದಿನಾಂಕ ಹಾಕಿ. 'ಬರೆದದ್ದಕ್ಕಾಗಿ ಮಾತ್ರ ಸೆರೆಯಲ್ಲಿರುವ ಇವರನ್ನು ಬಿಡುಗಡೆ ಮಾಡಿ' ಎಂದು ಒಂದೇ ಬೇಡಿಕೆ ಇಡಿ. ಅರ್ಧ ಪುಟ ಸಾಕು. ಅದರ ಒಂದು ಪ್ರತಿಯನ್ನು ದೆಹಲಿಯಲ್ಲಿರುವ ಆ ದೇಶದ ರಾಯಭಾರ ಕಚೇರಿಗೂ ಕಳಿಸಿ.

ಹಂತ 3: ಕೈದಿಗೆ ಬರೆಯಿರಿ. ಮೊದಲು ಓದುವವನು ಜೈಲಿನವನೇ ಎಂಬುದು ನೆನಪಿರಲಿ. ಕೇಸಿನ ಸುದ್ದಿ ಬೇಡ, ರಾಜಕೀಯ ಬೇಡ. ಅಂಗಳದ ಮಳೆ, ಬೆಕ್ಕು ಮರಿ ಹಾಕಿದ್ದು, ಇಷ್ಟೇ. ಕನ್ನಡದಲ್ಲೇ ಬರೆಯುವ ಆಸೆ ನನಗೂ ಆಗುತ್ತದೆ. ಆದರೆ ಓದಲಾಗದ ಲಿಪಿಯನ್ನು ಯಾವ ಜೈಲರ್ ಒಳಗೆ ಬಿಟ್ಟಾನು?

ಹಂತ 4: ನಿಮ್ಮವರ ಕ್ಷೇಮ ನೋಡಿಕೊಳ್ಳಿ. ಮಂಗಳೂರು, ಭಟ್ಕಳದ ಕಡೆ ಎಷ್ಟೋ ಮನೆಗಳವರು ಗಲ್ಫ್‌ನಲ್ಲಿರುತ್ತಾರೆ. ಅಲ್ಲಿರುವ ಅಣ್ಣನಿಗೋ ಭಾವನಿಗೋ ಇಂಥ ಪೋಸ್ಟ್ ಶೇರ್ ಮಾಡಲು ಹೇಳಬೇಡಿ, ಟ್ಯಾಗೂ ಮಾಡಬೇಡಿ. ಅಲ್ಲಿ ಒಂದು ಪೋಸ್ಟ್ ಸಾಕು, ಕೆಲಸವೂ ಹೋದೀತು, ಜೈಲೂ ಆದೀತು.

ಹಂತ 5: ತಿಂಗಳಿಗೊಮ್ಮೆ ಮತ್ತೆ ಬರೆಯಿರಿ. ಬಿಡುಗಡೆಯಾಯಿತೆಂದು ಕೂಡಲೇ ಕೈತೊಳೆದುಕೊಳ್ಳಬೇಡಿ. ಬದಾವಿ 2022ರ ಮಾರ್ಚ್‌ನಲ್ಲಿ ಹೊರಬಂದರು; ಆದರೆ ಶಿಕ್ಷೆಯಲ್ಲೇ 10 ವರ್ಷ ದೇಶ ಬಿಡಬಾರದೆಂಬ ನಿರ್ಬಂಧವೂ ಇತ್ತು. ಹೆಂಡತಿ, ಮೂವರು ಮಕ್ಕಳು ಇರುವುದು ಕೆನಡಾದಲ್ಲಿ.