ಹೇಳೋರು ಕೇಳೋರು ಇರಲಿ: ವೃದ್ಧಾಶ್ರಮದಲ್ಲಿರುವ ಹಿರಿಯರ ರಕ್ಷಣೆಗೆ ಎಂಟು ಸೂತ್ರಗಳು

ಅಮ್ಮನನ್ನೋ ದೊಡ್ಡಪ್ಪನನ್ನೋ ಸೇರಿಸುವಾಗ ನಾವು ನೋಡುವುದು ಲಿಫ್ಟು, ತೋಟ, ದೇವರ ಮನೆ. ಹಿಂಸೆ ನಡೆಯುವುದು ಬಚ್ಚಲಲ್ಲಿ, ರಾತ್ರಿ ಪಾಳಿಯಲ್ಲಿ. ಅದೂ ವಿಚಾರಿಸುವವರಿಲ್ಲದವರ ಮೇಲೇ ಹೆಚ್ಚು.

1. ಸೇರಿಸುವ ಮುಂಚೆ ಒಮ್ಮೆ ರಾತ್ರಿ ಹೋಗಿ ನೋಡಿ. ಎಷ್ಟು ಮಂದಿಗೆ ಎಷ್ಟು ಆಯಾಗಳು? ಮೂತ್ರದ ವಾಸನೆ ಕೆಟ್ಟದ್ದೇ. ಅದನ್ನು ಮುಚ್ಚಲು ಸುರಿದ ಫಿನಾಯಿಲ್ ಘಾಟನ್ನೂ ನಂಬಬೇಡಿ.

2. ಮುಂಚೆ ಹೇಳದೆ ಹೋಗಿ. ಪ್ರತಿ ಭಾನುವಾರ ಹನ್ನೊಂದಕ್ಕೆ ಹೋಗುವವರಿಗೆ ಬಾಚಿದ ತಲೆ, ಒಗೆದ ಸೀರೆಯೇ ಕಾಣುವುದು. ಬುಧವಾರ ಊಟದ ಹೊತ್ತಿಗೆ ಹೋಗಿ. ಕೈ ನಡುಗುವವರಿಗೆ ಯಾರಾದರೂ ತಿನ್ನಿಸುತ್ತಾರೋ, ತಟ್ಟೆ ಇಟ್ಟು ಹತ್ತು ನಿಮಿಷಕ್ಕೆ ಎತ್ತಿಕೊಂಡು ಹೋಗುತ್ತಾರೋ?

3. ಮೈ ನೋಡಿ. ಸಂಕೋಚ ಬೇಡ, ಒಂದು ದಿನ ಮಗಳೋ ಸೊಸೆಯೋ ತಾನೇ ಸ್ನಾನ ಮಾಡಿಸಲಿ. ಮಲಗಿದಲ್ಲೇ ಇರುವವರಿಗೆ ಹಾಸಿಗೆ ಹುಣ್ಣು ಏಳುವುದು ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿಗಳಲ್ಲಿ. ಬೆರಳಿಟ್ಟು ಒತ್ತಿದರೂ ಮಾಸದ ಕೆಂಪು ಮೊದಲ ಸೂಚನೆ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು, ಬದಲಿಸಿಲ್ಲ ಎಂದು ಅನುಮಾನಿಸಿ. ತೋಳಿನ ಒಳಭಾಗದಲ್ಲಿ ಬೆರಳಿನ ಅಚ್ಚು, ಮಣಿಕಟ್ಟಿನ ಸುತ್ತ ಕಟ್ಟಿದ ಗುರುತು ಕಂಡರೆ, "ಬಿದ್ದುಬಿಟ್ರು ಸಾರ್" ಎನ್ನುವ ಉತ್ತರ ಸಾಲದು. ಆದರೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸ್ವಲ್ಪ ತಾಗಿದರೂ ಮೈ ಕಂದುತ್ತದೆ. ಹಾಗಾಗಿ ಕೂಗಾಡುವ ಮೊದಲು ಫೋಟೊ ತೆಗೆದು, ತಾರೀಖು ಬರೆದಿಟ್ಟು, ಹೊರಗಿನ ಡಾಕ್ಟರಿಗೆ ತೋರಿಸಿ.

4. ಹಗಲೆಲ್ಲ ತೂಕಡಿಸುತ್ತಿದ್ದರೆ ಔಷಧಿ ಚೀಟಿ ಕೇಳಿ. ಗಲಾಟೆ ಮಾಡದಿರಲಿ ಎಂದು ನಿದ್ದೆ ಮಾತ್ರೆ ಕೊಡುವುದೂ ಹಿಂಸೆಯೇ.

5. ಮರೆವಿನ ಕಾಯಿಲೆಯವರ ಮಾತನ್ನೂ ತಳ್ಳಿಹಾಕಬೇಡಿ. ಮಧ್ಯಾಹ್ನ ಉಂಡಿದ್ದು ಮರೆತಿರಬಹುದು, ಹೊಡೆದವರ ದನಿ ಕೇಳಿದರೆ ಮೈ ಮುದುಡುತ್ತದೆ. ಒಬ್ಬರು ಕೋಣೆಗೆ ಬಂದಾಗಷ್ಟೇ ಅಜ್ಜಿ ಹೊದಿಕೆ ಬಿಗಿಹಿಡಿದರೆ ಅದನ್ನು ಗಮನಿಸಿ.

6. ಆಯಾಳ ಹೆಸರು ಹಿಡಿದು ಮಾತಾಡಿಸಿ. ಅವಳದೂ ಬೆನ್ನು ಬಗ್ಗುವ ದುಡಿಮೆ, ಸಂಬಳ ಅಷ್ಟಕ್ಕಷ್ಟೆ. ಒಳಗಿನ ಸುದ್ದಿ ಮ್ಯಾನೇಜರ್ ಬಾಯಿಂದ ಬರುವುದಿಲ್ಲ, ಅವಳಿಂದಲೇ ಬರಬೇಕು. ಅಮೆರಿಕದಲ್ಲಿರುವ ಮಕ್ಕಳು ಇದನ್ನು ವಿಡಿಯೊ ಕಾಲಿನಲ್ಲಿ ಮಾಡಲಾರರು. ಅಲ್ಲಿ ಕಾಣುವುದು ಮುಖ ಮಾತ್ರ. ಊರಲ್ಲಿರುವ ಚಿಕ್ಕಮ್ಮನಿಗೋ ಹಳೇ ನೆರೆಯವರಿಗೋ ಯಾವಾಗ ಬೇಕಾದರೂ ಬಂದು ನೋಡುವ ಒಪ್ಪಿಗೆಯನ್ನು ಬರೆಸಿಕೊಡಿ.

7. ಹಣದ ಮೇಲೂ ಕಣ್ಣಿರಲಿ. ಪಿಂಚಣಿ ಪಾಸ್‌ಬುಕ್, ಎಟಿಎಂ ಕಾರ್ಡು ಆಶ್ರಮದ ಬೀರುವಿನಲ್ಲಿ ಬೇಡ. ಖಾಲಿ ಕಾಗದಕ್ಕೆ ಹೆಬ್ಬೆಟ್ಟಂತೂ ಕೂಡದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡವರು ಕೈಕೊಟ್ಟರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಆ ಪತ್ರ ರದ್ದಾಗಬಹುದು. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ಅಂದಹಾಗೆ, ನೋಡಿಕೊಳ್ಳಬೇಕಾದವರೇ ಹಿರಿಯರನ್ನು ಎಲ್ಲಾದರೂ ಬಿಟ್ಟು ಕೈತೊಳೆದುಕೊಂಡರೆ ಅದೇ ಕಾಯ್ದೆಯಲ್ಲಿ 3 ತಿಂಗಳವರೆಗೆ ಜೈಲಿದೆ.

8. ದೂರು ಕೊಡಲು ಹಿಂಜರಿಯಬೇಡಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ಜೀವಕ್ಕೆ ಅಪಾಯವಿದ್ದರೆ 112. ಬರೆದುಕೊಟ್ಟ ದೂರಿಗೆ ಸ್ವೀಕೃತಿ ಪಡೆಯಿರಿ. ಅದಕ್ಕೂ ಮುಂಚೆ ಅವರಿಗೆ ಬೇರೊಂದು ಜಾಗ ಗೊತ್ತುಮಾಡಿ. ದೂರು ಹೋದ ರಾತ್ರಿ ಅವರು ಅದೇ ಸಿಬ್ಬಂದಿಯ ಕೈಯಲ್ಲಿ ಇರಬಾರದು.