ಬೋರ್ ನೀರಿಗೊಂದು ಬಿಸಿಲ ಬಟ್ಟಿ

ರಾಯದುರ್ಗ, ಮಡಕಶಿರಾ ಕಡೆ ಫ್ಲೋರೈಡ್ ಬೆರೆತ ಬೋರ್ ನೀರನ್ನು ಕುದಿಸಿ ಕುಡಿದರೆ ಸಾಕು ಎಂದುಕೊಂಡವರು ಇನ್ನೂ ಇದ್ದಾರೆ. ಕುದಿಸಿದರೆ ಸಾಯುವುದು ಕ್ರಿಮಿ ಮಾತ್ರ. ನೀರು ಆವಿಯಾಗಿ ಹೋದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ದಟ್ಟವಾಗುತ್ತದೆ. ಕುಡಿಯಬೇಕಾದದ್ದು ಆ ಆವಿಯನ್ನು! ಗುಜರಾತಿನ ಭಾವನಗರದ ಬಳಿ ಅವಾನಿಯಾ ಹಳ್ಳಿಯಲ್ಲಿ 1978ರಲ್ಲೇ ಉಪ್ಪುನೀರನ್ನು ಹೀಗೆ ಬಿಸಿಲಿನಲ್ಲಿ ಬಟ್ಟಿ ಇಳಿಸಿದ್ದರು.

ಮೊದಲು ನೀರಿನ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂವರೆಗಿನ ಫ್ಲೋರೈಡ್ ಸರಿ, 1.5 ದಾಟಿದರೆ ಕುಡಿಯಬಾರದು.

ನೆರಳು ಬೀಳದ ಮಾಳಿಗೆಯ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೊಟ್ಟಿ ಕಟ್ಟಿ. ದಕ್ಷಿಣದ ಗೋಡೆ 15 ಸೆಂ.ಮೀ., ಉತ್ತರದ್ದು 42 ಸೆಂ.ಮೀ. ಇರಲಿ. ಮೇಲೆ ಹೊದಿಸುವ ಗಾಜಿಗೆ ಸುಮಾರು 15 ಡಿಗ್ರಿ ಇಳಿಜಾರು ತಾನಾಗಿ ಸಿಗುತ್ತದೆ. ಇಳಿಜಾರು ಕಡಿಮೆಯಾದರೆ, ಆವಿ ತಣಿದು ಗಾಜಿನಡಿ ಕಟ್ಟಿದ ಹನಿಗಳು ಜಾರದೆ ನಡುವೆಯೇ ಉದುರುತ್ತವೆ. ಗಾಜಿನ ಕೆಳಅಂಚಿಗೆ, ಒಳಗಡೆ, ಸ್ಟೀಲಿನ ಸಣ್ಣ ದೋಣಿ ಕೂರಿಸಿ ಕೊಳವೆಯನ್ನು ಹೊರಗಿನ ಬಿಂದಿಗೆಗೆ ಬಿಡಿ. ಸಂದುಗಳಿಗೆ ಸಿಲಿಕೋನ್ ಹಚ್ಚಿ. ಆವಿ ಸೋರಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಇನ್ನು ಮುಖ್ಯವಾದದ್ದು. ತೊಟ್ಟಿಯ ನೀರನ್ನೆಲ್ಲ ಕಾಯಿಸುವ ಬದಲು ಮೇಲ್ಪದರವನ್ನಷ್ಟೇ ಕಾಯಿಸಿದರೆ ಆವಿ ಬೇಗ ಏಳುತ್ತದೆ. ಅಮೆರಿಕದ ಎಂಐಟಿ ವಿಜ್ಞಾನಿಗಳು 2014ರಲ್ಲಿ ನೀರಿನ ಮೇಲೆ ತೇಲುವ ಗ್ರಾಫೈಟ್ ಪದರದಿಂದ ಇದನ್ನು ತೋರಿಸಿದರು. ನಮಗೆ ಗೋಣಿತಟ್ಟು, ಇದ್ದಿಲ ಪುಡಿ ಸಾಕು. ತೊಳೆದ ಗೋಣಿಗೆ ಪುಡಿ ತಿಕ್ಕಿ, ತಳದಲ್ಲಿ ಹರಡಿದ ಬೆಣಚುಕಲ್ಲುಗಳ ಮೇಲೆ ಹಾಸಿ. ಎರಡು ಸೆಂ.ಮೀ. ನೀರು ಬಿಡಿ, ಗೋಣಿಯ ಮೈ ನೀರಿನಿಂದ ತುಸು ಮೇಲಿದ್ದು, ಅಂಚು ಮಾತ್ರ ಮುಳುಗಿರಲಿ. ರಾಯದುರ್ಗದಲ್ಲಿ ಜೀನ್ಸ್ ಚಿಂದಿ ಧಾರಾಳವಾಗಿ ಸಿಗುತ್ತದೆಂದು ಬಣ್ಣದ ಬಟ್ಟೆ ಹಾಕಬೇಡಿ. ಬಣ್ಣದ ಕೊಳಚೆ ನೀರು, ಕೀಟನಾಶಕ ಬೆರೆತ ನೀರು ಕೂಡದೇ ಕೂಡದು. ಕೆಲವು ರಾಸಾಯನಿಕಗಳು ಆವಿಯ ಜೊತೆಯಲ್ಲೇ ಏರುತ್ತವೆ.

ಮೊದಲ ಕೆಲವು ದಿನದ ನೀರನ್ನು ಬ್ಯಾಟರಿಗೋ ಗಿಡಕ್ಕೋ ಹಾಕಿ. ದಿನಾ ಬೆಳಿಗ್ಗೆ ಗಾಜಿನ ಧೂಳು ಒರೆಸಿ, ತಳದ ಉಪ್ಪುನೀರನ್ನು ಆಗಾಗ ಹೊರಚೆಲ್ಲಿ. ಅದು ಬಾವಿಗೂ ಹೊಲಕ್ಕೂ ಸೇರದಿರಲಿ. ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲಿ ಒಣಗಲಿ.

ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಸಿಗುವುದು ಎರಡು ಮೂರು ಲೀಟರ್ ಅಷ್ಟೇ. ಬೋರ್ ನೀರಲ್ಲಿ ಫ್ಲೋರೈಡ್ 3 ಮಿಲಿಗ್ರಾಂ ಇದ್ದರೆ, ಅದನ್ನು ಕುದಿಸಿ ಆರಿಸಿ, ಎರಡರಷ್ಟು ಬಟ್ಟಿ ನೀರು ಬೆರೆಸಿ. ಪ್ರಮಾಣ 1ರ ಆಸುಪಾಸಿಗೆ ಇಳಿಯುತ್ತದೆ, ಸಪ್ಪೆ ರುಚಿಯೂ ಹೋಗುತ್ತದೆ.

ಶುದ್ಧ ನಲ್ಲಿ ನೀರು ಬರುವ ಊರಿನವರಿಗೆ ಈ ತಾಪತ್ರಯ ಬೇಡ. ಬಾರದ ಊರಿನವರು ಈ ನೀರನ್ನು ಮೊದಲು ಮಕ್ಕಳಿಗೆ ಮೀಸಲಿಡಿ. ಹಲ್ಲಿಗೆ ಫ್ಲೋರೈಡಿನ ಕಲೆ ಹತ್ತುವುದು ಎಂಟು ವರ್ಷದೊಳಗೇ.